ಯುಆರ್‌ಎಲ್ ಬದಲಾದ ಮೇಲೆ ಗೂಗಲ್‌ನಲ್ಲಿ ಪುಟಗಳು ಕಾಣ್ತಿಲ್ಲ, ಎಲ್ಲಿಂದ ಸರಿಮಾಡೋದು?

ಪುಟಗಾರ:
ಸುಮಾರು 400 ಲೇಖನಗಳಿರುವ ಕನ್ನಡ ತಾಣ. ವಿನ್ಯಾಸ ಬದಲಿಸುವಾಗ ಯುಆರ್‌ಎಲ್‌ಗಳೂ ಬದಲಾದವು. ಮೊದಲು ವರ್ಷ/ತಿಂಗಳು/ಶೀರ್ಷಿಕೆ ಅಂತ ಇತ್ತು, ಈಗ ವಿಭಾಗ/ಶೀರ್ಷಿಕೆ. ಹಳೆಯವನ್ನೆಲ್ಲ ಮುಖಪುಟಕ್ಕೆ ರೀಡೈರೆಕ್ಟ್ ಮಾಡಿದೆ, ಅಂದರೆ ಹಳೆಯ ವಿಳಾಸ ತೆರೆದರೆ ಮುಖಪುಟಕ್ಕೆ ಹೋಗುವಂತೆ. ಗೂಗಲ್ ಹುಡುಕಾಟದ ಲೆಕ್ಕ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್‌ಗಳು ಅರ್ಧಕ್ಕಿಂತ ಕೆಳಗೆ ಇಳಿದಿವೆ. ಸುಮಾರು 180 ಪುಟಗಳು "ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್" (ಕ್ರಾಲ್ ಅಂದರೆ ಗೂಗಲ್ ಓದಿದೆ, ಆದರೆ ಇಂಡೆಕ್ಸ್ ಅನ್ನೋ ತನ್ನ ಪಟ್ಟಿಗೆ ಸೇರಿಸಿಲ್ಲ) ಅಂತ ತೋರಿಸ್ತಿವೆ. ಟ್ಯಾಗ್ ಪುಟಗಳಿಗೆ ನೋಇಂಡೆಕ್ಸ್ (ಫಲಿತಾಂಶದಲ್ಲಿ ತೋರಿಸಬೇಡ ಅನ್ನೋ ಸೂಚನೆ) ಹಾಕಿ, ಬಾಟ್‌ಗಳು ಎಲ್ಲಿಗೆ ಹೋಗಬಾರದು ಅಂತ ಹೇಳುವ ರೋಬಾಟ್ಸ್.ಟಿಎಕ್ಸ್‌ಟಿ ಫೈಲ್‌ನಲ್ಲೂ ತಡೆದಿದ್ದೇನೆ, ಆದರೂ ಅವು ಫಲಿತಾಂಶದಲ್ಲಿ ಬರ್ತಿವೆ. ಮೆಟಾ ಕೀವರ್ಡ್ಸ್ (ಪುಟದ ಕೋಡ್‌ನಲ್ಲಿ ಬರೆಯುವ ಹುಡುಕುಪದಗಳು) ತುಂಬಿಸಿ, ಒಂದಷ್ಟು ಬ್ಯಾಕ್‌ಲಿಂಕ್ (ಬೇರೆ ತಾಣಗಳಿಂದ ನಮ್ಮ ಕಡೆಗೆ ಲಿಂಕ್) ಕೊಂಡುಕೊಳ್ಳಿ ಅಂತ ಸಲಹೆ ಬಂದಿದೆ. ಯಾವುದನ್ನು ಮೊದಲು ಮಾಡಬೇಕು?

ಕೊಂಡಿಜೇಡ:
ಮೊದಲು ಆ ಮುಖಪುಟದ ರೀಡೈರೆಕ್ಟ್ ತೆಗೀರಿ. ಕ್ಲಿಕ್ ಬಿದ್ದಿರೋದಕ್ಕೆ ಮುಖ್ಯ ಕಾರಣ ಬಹುಪಾಲು ಅದೇ. ಸಂಬಂಧವಿಲ್ಲದ ನೂರಾರು ಯುಆರ್‌ಎಲ್‌ಗಳು ಒಂದೇ ಪುಟಕ್ಕೆ ಹೋದರೆ ಗೂಗಲ್ ಅವನ್ನು ಸಾಫ್ಟ್ 404 ಅಂತ ಪರಿಗಣಿಸುತ್ತೆ, ಅಂದರೆ ಹಳೆಯ ಪುಟ ಅಳಿಸಿಹೋದಂತೆಯೇ. ಅದಕ್ಕೆ ಬೇರೆ ತಾಣಗಳಿಂದ ಬಂದಿದ್ದ ಲಿಂಕ್‌ಗಳ ಬೆಲೆ ಹೊಸ ಲೇಖನಕ್ಕೆ ತಲುಪಲ್ಲ.

ಬೇಕಿರೋದು ಒಂದಕ್ಕೊಂದು ಪಟ್ಟಿ. ಸ್ಪ್ರೆಡ್‌ಶೀಟ್‌ನ ಒಂದು ಕಾಲಂನಲ್ಲಿ ಹಳೆಯ ಯುಆರ್‌ಎಲ್, ಪಕ್ಕದಲ್ಲಿ ಅದೇ ಲೇಖನದ ಹೊಸದು. ಹಳೆಯವು ಮೂರು ಕಡೆ ಸಿಗುತ್ತವೆ: ಹಳೆಯ ಸೈಟ್‌ಮ್ಯಾಪ್ (ತಾಣದ ಯುಆರ್‌ಎಲ್‌ಗಳ ಪಟ್ಟಿ ಇರುವ ಫೈಲ್), ಸರ್ವರ್ ಲಾಗ್ (ಭೇಟಿಗಳ ದಾಖಲೆ), ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ. ಆ ವರದಿಯಲ್ಲಿ 16 ತಿಂಗಳ ಮಾಹಿತಿ ಇರುತ್ತೆ, ರಫ್ತು ಮಾಡಿದರೆ 1000 ಸಾಲು ಸಿಗುತ್ತೆ, ನಿಮ್ಮ ತಾಣಕ್ಕೆ ಅಷ್ಟು ಸಾಕು. ಕ್ಲಿಕ್ ಹೆಚ್ಚಿದ್ದ ಪುಟಗಳಿಂದ ಶುರು ಮಾಡಿ.

ಪ್ರತಿಯೊಂದಕ್ಕೂ 301, ಅಂದರೆ ಶಾಶ್ವತ ರೀಡೈರೆಕ್ಟ್ ಕೊಡಿ, 302 ಬೇಡ. 302 ಅಂದರೆ ಬದಲಾವಣೆ ತಾತ್ಕಾಲಿಕ ಅಂತ ಅರ್ಥ. ಸಾಟಿ ಪುಟವೇ ಇಲ್ಲದಿದ್ದರೆ ಪುಟ ಇಲ್ಲ ಅಂತ ಹೇಳುವ 404 ಅಥವಾ 410 ಕೊಡಿ, ಅದರಲ್ಲಿ ತಪ್ಪೇನಿಲ್ಲ. ಸರಪಳಿ ಆಗದಂತೆ ನೋಡಿಕೊಳ್ಳಿ. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್, ಅಲ್ಲಿಂದ ಡಬ್ಲ್ಯೂಡಬ್ಲ್ಯೂಡಬ್ಲ್ಯೂ, ಅಲ್ಲಿಂದ ಹೊಸ ಯುಆರ್‌ಎಲ್ ಅಂತ ಮೂರು ನೆಗೆತ ಸುಮ್ಮನೆ ಹುಟ್ಟಿಕೊಳ್ಳುತ್ತೆ. ಗೂಗಲ್‌ಗಾಗಿ ಪುಟ ಓದುವ ಪ್ರೋಗ್ರಾಂ ಗೂಗಲ್‌ಬಾಟ್ 10 ನೆಗೆತದವರೆಗೂ ಹಿಂಬಾಲಿಸುತ್ತೆ ನಿಜ, ಆದರೆ ಒಂದೇ ನೆಗೆತಕ್ಕೆ ಮುಟ್ಟಿಸೋದು ನಿಮ್ಮ ಕೈಯಲ್ಲೇ ಇದೆ. ಈ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ತೆಗೀಬೇಡಿ. ತೆಗೆಯದೇ ಇದ್ದರೆ ಇನ್ನೂ ಒಳ್ಳೆಯದು.

ಲೇಖನಗಳ ಒಳಗಿನ ಲಿಂಕ್‌ಗಳನ್ನೂ ಹೊಸ ಯುಆರ್‌ಎಲ್‌ಗೆ ತಿದ್ದಬೇಕು. ರೀಡೈರೆಕ್ಟ್ ಇದೆಯಲ್ಲ ಅಂತ ಬಹಳ ಜನ ಇದನ್ನು ಬಿಟ್ಟುಬಿಡ್ತಾರೆ, ಆಮೇಲೆ ತಾಣ ತನ್ನದೇ ಹಳೆಯ ವಿಳಾಸಗಳಿಗೆ ಲಿಂಕ್ ಕೊಡ್ತಾ ಕೂತಿರುತ್ತೆ.

ಇನ್ನೊಂದು: ಯಾವುದಾದರೂ ಹೊಸ ಲೇಖನದ ಸೋರ್ಸ್ ತೆಗೆದು ಕ್ಯಾನೊನಿಕಲ್ ಟ್ಯಾಗ್ ನೋಡಿ, ಅಂದರೆ ಅಸಲಿ ಯುಆರ್‌ಎಲ್ ಯಾವುದು ಅಂತ ಹೇಳುವ ಸಾಲು. ಟೆಂಪ್ಲೇಟ್ ಬದಲಾದಾಗ ಅದು ಹಳೆಯ ಯುಆರ್‌ಎಲ್‌ಗೋ ಪರೀಕ್ಷಾ ಸರ್ವರ್‌ಗೋ ಬೊಟ್ಟು ಮಾಡ್ತಾ ಉಳಿದಿರುತ್ತೆ. ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ನೀವು ಹೇಳಿದ ಕ್ಯಾನೊನಿಕಲ್, ಗೂಗಲ್ ಆರಿಸಿದ ಕ್ಯಾನೊನಿಕಲ್ ಎರಡನ್ನೂ ತೋರಿಸುತ್ತೆ. ಎರಡೂ ಬೇರೆ ಇದ್ದರೆ ಅಲ್ಲೇ ನಿಲ್ಲಿ, ಉಳಿದದ್ದೆಲ್ಲ ಆಮೇಲೆ.

ಲಾಗ್_ಓದುಗ:
ಟ್ಯಾಗ್ ಪುಟಗಳದ್ದು ಹಳೆಯ ಬಲೆ. ರೋಬಾಟ್ಸ್.ಟಿಎಕ್ಸ್‌ಟಿ ತಡೆಯೋದು ಕ್ರಾಲ್ ಅನ್ನು, ಇಂಡೆಕ್ಸ್ ಅನ್ನಲ್ಲ. ಪುಟವನ್ನೇ ತೆರೆಯಬೇಡ ಅಂದಮೇಲೆ ಅದರೊಳಗಿನ ನೋಇಂಡೆಕ್ಸ್ ಗೂಗಲ್‌ಬಾಟ್‌ಗೆ ಕಾಣೋದು ಹೇಗೆ? ಬೇರೆಲ್ಲೋ ಇರುವ ಲಿಂಕ್ ನೋಡಿ ಬರೀ ಯುಆರ್‌ಎಲ್ ಅನ್ನು ಇಂಡೆಕ್ಸ್‌ನಲ್ಲಿ ಇಟ್ಟುಕೊಳ್ಳುತ್ತೆ. ಹಾಗಾಗಿ ಆ ಫೈಲ್‌ನಲ್ಲಿ ತಡೆಯುವ ಡಿಸ್‌ಅಲೌ ಸಾಲು ತೆಗೀರಿ, ನೋಇಂಡೆಕ್ಸ್ ಹಾಗೇ ಇರಲಿ, ಮತ್ತೆ ಕ್ರಾಲ್ ಆಗುವವರೆಗೆ ಕಾಯಿರಿ. ರೋಬಾಟ್ಸ್.ಟಿಎಕ್ಸ್‌ಟಿಯ ಪ್ರತಿಯನ್ನು ಗೂಗಲ್ ಸಾಮಾನ್ಯವಾಗಿ 24 ಗಂಟೆಯವರೆಗೆ ಇಟ್ಟುಕೊಂಡಿರುತ್ತೆ, ತಿದ್ದಿದ ತಕ್ಷಣ ಬದಲಾವಣೆ ನಿರೀಕ್ಷಿಸಬೇಡಿ. ನೋಇಂಡೆಕ್ಸ್ ಅನ್ನು ಆ ಫೈಲ್‌ನೊಳಗೇ ಬರೆಯೋ ಉಪಾಯ 2019ರ ಸೆಪ್ಟೆಂಬರ್‌ನಿಂದ ಗೂಗಲ್‌ನಲ್ಲಿ ನಡೆಯಲ್ಲ. ಹಳೆಯ ಬ್ಲಾಗ್‌ಗಳಲ್ಲಿ ಓದಿದ್ದರೆ ಮರೆತುಬಿಡಿ. ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಸಾಧನದಿಂದ ಬೇಗ ಮರೆಮಾಡಬಹುದು, ಆದರೆ ಅದು ಸುಮಾರು ಆರು ತಿಂಗಳ ಮಟ್ಟಿಗೆ ಮಾತ್ರ.

ಇದರ ಉಲ್ಟಾ ಕೂಡ ಪರೀಕ್ಷಿಸಿ. ಪರೀಕ್ಷಾ ಸರ್ವರ್‌ನಲ್ಲಿ ಹಾಕಿದ್ದ ನೋಇಂಡೆಕ್ಸ್ ನಿಜವಾದ ತಾಣಕ್ಕೂ ಬಂದಿರಬಹುದು. ಎಚ್‌ಟಿಎಂಎಲ್‌ನಲ್ಲಿ ಕಾಣದಿದ್ದರೂ ಎಕ್ಸ್-ರೋಬಾಟ್ಸ್-ಟ್ಯಾಗ್ ಅನ್ನೋ ಎಚ್‌ಟಿಟಿಪಿ ಹೆಡರ್‌ನಲ್ಲಿ ಅಡಗಿರುತ್ತೆ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆಗೆದು, ನೆಟ್‌ವರ್ಕ್ ವಿಭಾಗದಲ್ಲಿ ಮೊದಲ ಸಾಲಿನ ರೆಸ್ಪಾನ್ಸ್ ಹೆಡರ್ ಓದಿ.

ಹೊಸ ವಿನ್ಯಾಸದಲ್ಲಿ "ಇನ್ನಷ್ಟು ತೋರಿಸು" ಗುಂಡಿ ಇದೆಯಾ? ಗೂಗಲ್‌ಬಾಟ್ ಗುಂಡಿ ಒತ್ತಲ್ಲ. ಎಚ್‌ರೆಫ್ ಇರುವ ಎ ಟ್ಯಾಗ್, ಅಂದರೆ ನಿಜವಾದ ಲಿಂಕ್, ಇಲ್ಲದಿದ್ದರೆ ಆ ಲೇಖನಗಳಿಗೆ ಒಳದಾರಿಯೇ ಇಲ್ಲ. ಪುಟಸಂಖ್ಯೆ ಇರುವ ಸಾದಾ ಲಿಂಕ್‌ಗಳನ್ನು ಕೆಳಗೆ ಹಾಕಿ.

ಪುಟಗಾರ:
ಕ್ಯಾನೊನಿಕಲ್ ಹಳೆಯ ಯುಆರ್‌ಎಲ್‌ಗಳನ್ನೇ ತೋರಿಸ್ತಿತ್ತು! "ಇನ್ನಷ್ಟು" ಗುಂಡಿಯೂ ಇದೆ. ಎರಡನ್ನೂ ಸರಿಮಾಡ್ತೇನೆ. ಆ 180 ಪುಟಗಳಿಗೆ ದಿನಾ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಲಾ? ವೇಗ ಹೆಚ್ಚಿಸಿದರೆ ಸ್ಥಾನ ಏರುತ್ತಾ? ಯುಆರ್‌ಎಲ್ ಕನ್ನಡದಲ್ಲೇ ಇದ್ದರೆ ತೊಂದರೆ ಇದೆಯಾ?

ಕೊಂಡಿಜೇಡ:
ಹಾಗಾದರೆ ನಿಮ್ಮ ತಾಣದಲ್ಲಿ ಹೊಸ ಪುಟ "ನಾನಲ್ಲ, ಹಳೆಯದೇ ಅಸಲಿ" ಅಂತಿತ್ತು, ಹಳೆಯದು ಮುಖಪುಟಕ್ಕೆ ಕಳಿಸ್ತಿತ್ತು. ಗೂಗಲ್ ಯಾವುದನ್ನು ನಂಬಬೇಕು? ಅದನ್ನು ತಿದ್ದಿದ ಮೇಲೆ ಹೊಸ ಯುಆರ್‌ಎಲ್‌ಗಳು ಮಾತ್ರ ಇರುವ ಸೈಟ್‌ಮ್ಯಾಪ್ ಸಲ್ಲಿಸಿ. ಒಂದು ಫೈಲ್‌ಗೆ 50,000 ಯುಆರ್‌ಎಲ್, 50 ಎಂಬಿ ಮಿತಿ. ನಿಮಗೆ ಒಂದೇ ಸಾಕು. ಲಾಸ್ಟ್‌ಮಾಡ್ ದಿನಾಂಕ ನಿಜವಾಗಿ ತಿದ್ದಿದ ದಿನದ್ದೇ ಇರಬೇಕು, ಎಲ್ಲದಕ್ಕೂ ಇವತ್ತಿನ ದಿನಾಂಕ ಹಾಕಿದರೆ ಗೂಗಲ್ ಅದನ್ನು ನಂಬೋದನ್ನೇ ಬಿಡುತ್ತೆ. ಪ್ರಯಾರಿಟಿ (ಪುಟದ ಮಹತ್ವ), ಚೇಂಜ್‌ಫ್ರೀಕ್ (ಎಷ್ಟು ಸಲ ಬದಲಾಗುತ್ತೆ) ಎರಡನ್ನೂ ಅದು ಲೆಕ್ಕಕ್ಕೇ ತಗೊಳ್ಳಲ್ಲ.

ದಿನಾ ಗುಂಡಿ ಒತ್ತೋದರಿಂದ ಏನೂ ಆಗಲ್ಲ. ಅದಕ್ಕೆ ದಿನದ ಮಿತಿ ಇದೆ, ಒಂದೇ ಯುಆರ್‌ಎಲ್‌ಗೆ ಪದೇ ಪದೇ ಕೇಳಿದರೂ ಸಾಲಿನಲ್ಲಿ ಮುಂದೆ ಹೋಗಲ್ಲ. ಮುಖ್ಯವಾದ ಹತ್ತು ಹನ್ನೆರಡಕ್ಕೆ ಒಮ್ಮೆ ಕೇಳಿ, ಸಾಕು.

ಅಕ್ಷರಪಟು:
ಆ 180ರ ಬಗ್ಗೆ ಒಂದು ಮಾತು. ಆ ಸ್ಥಿತಿಯ ಅರ್ಥ, ಗೂಗಲ್ ಪುಟವನ್ನು ನೋಡಿದೆ, ಆದರೆ ಸದ್ಯಕ್ಕೆ ಇಂಡೆಕ್ಸ್‌ಗೆ ಸೇರಿಸಿಲ್ಲ. ಕ್ಯಾನೊನಿಕಲ್ ಸರಿಯಾದ ಮೇಲೆ ಒಂದಷ್ಟು ತಾವೇ ಒಳಗೆ ಬರುತ್ತವೆ. ಉಳಿದವನ್ನು ರಫ್ತು ಮಾಡಿ ವಿಂಗಡಿಸಿ. ಫೀಡ್, ಫಿಲ್ಟರ್, ಹುಡುಕಾಟದ ಪುಟಗಳಾಗಿದ್ದರೆ ಅವು ಹೊರಗಿರೋದೇ ಸರಿ. ಒಂದೇ ವಿಷಯದ ಮೇಲೆ ನಾಲ್ಕೈದು ಪ್ಯಾರಾದ ಮೂರು ಲೇಖನ ಇದ್ದರೆ ಅವನ್ನು ಒಂದೇ ಗಟ್ಟಿ ಲೇಖನವಾಗಿ ಕೂಡಿಸಿ, ಉಳಿದೆರಡರಿಂದ 301 ಕೊಡಿ. ನಿಜಕ್ಕೂ ಒಳ್ಳೆಯ ಲೇಖನವೇ ಹೊರಗುಳಿದಿದ್ದರೆ, ಚೆನ್ನಾಗಿ ಓಡುವ ಪುಟಗಳಿಂದ ಅದಕ್ಕೆ ಅರ್ಥವಿರುವ ಪದಗಳಲ್ಲಿ ಲಿಂಕ್ ಕೊಡಿ. "ಇಲ್ಲಿ ಒತ್ತಿ" ಅನ್ನೋದರಿಂದ ಓದುಗನಿಗೂ ಬಾಟ್‌ಗೂ ಏನೂ ತಿಳಿಯಲ್ಲ.

ಕನ್ನಡ ಯುಆರ್‌ಎಲ್ ಇರಲಿ, ಹುಡುಕಾಟಕ್ಕೆ ತೊಂದರೆ ಇಲ್ಲ. ಕಾಪಿ ಮಾಡಿ ಅಂಟಿಸಿದಾಗ ಉದ್ದವಾಗೋದೊಂದೇ ಕಿರಿಕಿರಿ. ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ ಪ್ರತಿ ಕನ್ನಡ ಚಿಹ್ನೆಗೆ 3 ಬೈಟ್, ಶೇಕಡಾ ಚಿಹ್ನೆ ಸೇರಿ 9 ಅಕ್ಷರ. ನಾಲ್ಕು ಚಿಹ್ನೆ ಕೂಡಿದ "ಕ್ಷಿ" ಒಂದೇ 36 ಅಕ್ಷರ ನುಂಗುತ್ತೆ. ಈಗ ಮತ್ತೆ ಬದಲಿಸೋಕೆ ಮಾತ್ರ ಹೋಗಬೇಡಿ, ಇನ್ನೊಂದು ಸುತ್ತು ರೀಡೈರೆಕ್ಟ್ ಆಗುತ್ತೆ.

ಮೆಟಾ ಕೀವರ್ಡ್ಸ್ ಅನ್ನು ಬಳಸಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಲಿಂಕ್ ಕೊಳ್ಳೋದು ಅದರ ಸ್ಪ್ಯಾಮ್ ನೀತಿಗೆ ನೇರ ವಿರುದ್ಧ. ಅಷ್ಟು ಹೊತ್ತು ಇದ್ದರೆ ಟೈಟಲ್‌ಗಳನ್ನು ತಿದ್ದಿ. ಪ್ರತಿ ಪುಟದ ಟೈಟಲ್ ಬೇರೆಯಾಗಿರಲಿ, ವಿಷಯ ಮೊದಲು ಬರಲಿ, ತಾಣದ ಹೆಸರು ಕೊನೆಗೆ. ಟೈಟಲ್ ಒಂದು, ಎಚ್1 (ಪುಟದೊಳಗಿನ ಮುಖ್ಯ ತಲೆಬರಹ) ಇನ್ನೊಂದು ಹೇಳ್ತಿದ್ದರೆ ಗೂಗಲ್ ತಾನೇ ಬೇರೆ ಶೀರ್ಷಿಕೆ ಕಟ್ಟಿಕೊಳ್ಳಬಹುದು. ಪರ್ಫಾರ್ಮೆನ್ಸ್ ವರದಿಯಲ್ಲಿ ಸರಾಸರಿ ಸ್ಥಾನ 4ರಿಂದ 12ರೊಳಗಿದ್ದು, ಇಂಪ್ರೆಷನ್ (ಫಲಿತಾಂಶದಲ್ಲಿ ಎಷ್ಟು ಸಲ ಕಂಡಿತು ಅನ್ನೋದು) ಹೆಚ್ಚಿದ್ದು, ಕ್ಲಿಕ್ ಕಡಿಮೆ ಇರುವ ಪುಟಗಳೇ ಮೊದಲ ಸರದಿಗೆ ತಕ್ಕವು.

ಲಾಗ್_ಓದುಗ:
ವೇಗಕ್ಕೆ ಜನ ಕೊಡುವಷ್ಟು ತೂಕ ಇಲ್ಲ. ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣೋಕೆ ಹಿಡಿಯುವ ಹೊತ್ತು) 2.5 ಸೆಕೆಂಡ್, ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಹೊತ್ತು) 200 ಮಿಲಿಸೆಕೆಂಡ್, ಸಿಎಲ್‌ಎಸ್ (ಪುಟ ಅಲುಗಾಡುವ ಪ್ರಮಾಣ) 0.1, ಈ ಮಿತಿಯೊಳಗೆ ನೂರರಲ್ಲಿ 75 ಭೇಟಿಗಳಾದರೂ ಇದ್ದರೆ ಸರ್ಚ್ ಕನ್ಸೋಲ್ "ಗುಡ್" ಅಂತ ತೋರಿಸುತ್ತೆ. ಅದಾದ ಮೇಲೆ ಲೈಟ್‌ಹೌಸ್ ಅನ್ನೋ ಪುಟ ಪರೀಕ್ಷೆಯ ಸಾಧನದಲ್ಲಿ 100 ಅಂಕಕ್ಕೆ ಒದ್ದಾಡೋದು ಚಟ ಅಷ್ಟೆ.

ಅಕ್ಷರಪಟು:
ಒಪ್ಪಿದೆ, ಆದರೆ ಹೊಸ ಟೆಂಪ್ಲೇಟ್ ಆದ್ದರಿಂದ ಎರಡು ವಿಷಯ ಒಮ್ಮೆ ನೋಡಲಿ. ಲೇಖನದ ಮೇಲಿರುವ ದೊಡ್ಡ ಚಿತ್ರಕ್ಕೆ ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ಚಿತ್ರ ತರುವ ವ್ಯವಸ್ಥೆ) ಇದ್ದರೆ ತೆಗೀಬೇಕು, ಎಲ್‌ಸಿಪಿ ಕೆಡೋದು ಬಹಳ ಸಲ ಅದರಿಂದಲೇ. ಚಿತ್ರಗಳಿಗೆ ಅಗಲ, ಎತ್ತರ ಬರೆಯದಿದ್ದರೆ ಓದ್ತಾ ಇರುವಾಗಲೇ ಅಕ್ಷರ ಕೆಳಗೆ ಜಾರುತ್ತೆ, ಸಿಎಲ್‌ಎಸ್ ಏರುತ್ತೆ. ಕನ್ಸೋಲ್‌ನ ಈ ವೇಗದ ವರದಿ ಹಿಂದಿನ 28 ದಿನಗಳ ನಿಜವಾದ ಭೇಟಿಗಳನ್ನು ಆಧರಿಸಿದ್ದು, ಇವತ್ತು ತಿದ್ದಿದ್ದು ನಾಳೆ ಪೂರ್ತಿ ಕಾಣಲ್ಲ.

ಪುಟಗಾರ:
ಸರಿ. ಕ್ಯಾನೊನಿಕಲ್, ಒಂದಕ್ಕೊಂದು 301, ಡಿಸ್‌ಅಲೌ ತೆಗೆಯೋದು ಮೊದಲು. ಟೈಟಲ್‌ಗಳನ್ನೂ ಇದೇ ವಾರ ಮುಟ್ಟಲಾ?

ಕೊಂಡಿಜೇಡ:
ಬೇಡ. ಹೊಸ ಯುಆರ್‌ಎಲ್‌ಗಳು ಇಂಡೆಕ್ಸ್ ಆಗಿ ನೆಲೆ ನಿಲ್ಲಲಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕ್ಲಿಕ್ ಏರಿದ್ದು ಯಾವುದರಿಂದ, ಇಳಿದದ್ದು ಯಾವುದರಿಂದ ಅಂತ ವರದಿಯಲ್ಲಿ ಬಿಡಿಸಿ ನೋಡೋಕಾಗಲ್ಲ.