ಫಾಂಟ್ ಬದಲಿಸಿದರೂ ಎರಡು ಕಂಪ್ಯೂಟರುಗಳಲ್ಲಿ ಹಳೆಯದೇ ಕಾಣುತ್ತಿದೆ, ಏಕೆ?

ರಥಬೀದಿ ಡಿಟಿಪಿ, ಉಡುಪಿ:
ನಮಸ್ಕಾರ. ನಮ್ಮ ಅಂಗಡಿಯ ಐದು ಕಂಪ್ಯೂಟರುಗಳಲ್ಲೂ, ನಮ್ಮದೇ ಸರ್ವರಿನಲ್ಲಿ ಹಾಕಿಕೊಂಡಿರುವ, ಬ್ರೌಸರಿನಲ್ಲಿ ತೆರೆಯುವ ಡಾಕ್ಯುಮೆಂಟ್ ಎಡಿಟರನ್ನು ಬಳಸುತ್ತೇವೆ. ಯಕ್ಷಗಾನ ಮೇಳವೊಂದರ ಕರಪತ್ರದಲ್ಲಿ ‘ಲಕ್ಷ್ಮೀ’ ಎಂಬಲ್ಲಿ ಮಕಾರದ ಒತ್ತು ಸರಿಯಾಗಿ ಕೂರದೆ ಪಕ್ಕಕ್ಕೆ ಜಾರುತ್ತಿದ್ದುದರಿಂದ, ಸೋಮವಾರ ಸರ್ವರಿನ ಫಾಂಟ್ ಕಡತವನ್ನು ತೆಗೆದು, ತಿದ್ದಿದ ಕಡತವನ್ನು ಅದೇ ಹೆಸರಿನಲ್ಲಿ ಇಟ್ಟೆವು. ಮೂರು ಕಂಪ್ಯೂಟರುಗಳಲ್ಲಿ ಸರಿಹೋಯಿತು. ಎರಡರಲ್ಲಿ ಇಂದಿಗೂ ಹಳೆಯದೇ. ಸರ್ವರನ್ನು ಎರಡು ಬಾರಿ ರೀಸ್ಟಾರ್ಟ್ ಮಾಡಿಯೂ ಆಯಿತು. ಕ್ಯಾಶ್ (ಬ್ರೌಸರ್ ಆಯಾ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ಕಡತಗಳ ಪ್ರತಿ) ಕುರಿತು ನಾವು ಯಾವ ಸೆಟ್ಟಿಂಗನ್ನೂ ಮಾಡಿಲ್ಲ. ಹಾಗಿರುವಾಗ ಹಳೆಯದು ಎಲ್ಲಿಂದ ಬರುತ್ತಿದೆ?

ಹಂಪನಕಟ್ಟೆಯವ, ಮಂಗಳೂರು:
ಸೆಟ್ಟಿಂಗ್ ಮಾಡದಿರುವುದೇ ಕಾರಣವೆಂದು ತೋರುತ್ತದೆ. ಕಡತದ ಜೊತೆ ಕಳುಹಿಸುವ ಕ್ಯಾಶ್-ಕಂಟ್ರೋಲ್ ಹೆಡರ್ ಎಂಬ ಸೂಚನೆಯಲ್ಲಿ, ಪ್ರತಿಯನ್ನು ಎಷ್ಟು ಕಾಲ ಬಳಸಬಹುದೆಂಬ ಅವಧಿಯನ್ನು ಸರ್ವರ್ ತಿಳಿಸದಿದ್ದರೆ, ಕಡತವನ್ನು ಕೊನೆಯದಾಗಿ ತಿದ್ದಿ ಎಷ್ಟು ದಿನವಾಗಿದೆಯೋ ಅದರ ಸುಮಾರು ಶೇ. 10ರಷ್ಟು ಕಾಲ ಅದು ತಾಜಾ ಎಂದು ಬ್ರೌಸರೇ ಅಂದಾಜು ಕಟ್ಟುವುದುಂಟು. ವೆಬ್ ಕ್ಯಾಶಿನ ನಿಯಮಗಳನ್ನು ಹೇಳುವ 2022ರ ದಾಖಲೆ ಆರ್‌ಎಫ್‌ಸಿ 9111 ಕೂಡ ಈ ಪ್ರಮಾಣವನ್ನೇ ರೂಢಿಯದೆಂದು ಹೇಳುತ್ತದೆ. ಇಳಿಸಿಕೊಂಡಾಗ ಫಾಂಟ್ 200 ದಿನ ಹಳೆಯದಾಗಿದ್ದರೆ, ಮುಂದಿನ 20 ದಿನ ಬ್ರೌಸರ್ ಸರ್ವರನ್ನು ಕೇಳುವ ಗೋಜಿಗೇ ಹೋಗುವುದಿಲ್ಲ. ಈ ಲೆಕ್ಕ ಆಯಾ ಕಂಪ್ಯೂಟರ್ ಕಡತವನ್ನು ಇಳಿಸಿಕೊಂಡ ದಿನದಿಂದ ಶುರುವಾಗುವುದರಿಂದ, ಮೂರರಲ್ಲಿ ಅವಧಿ ಮುಗಿದಿರಬೇಕು, ಎರಡರಲ್ಲಿ ಮುಗಿದಿಲ್ಲ. ಯಾರೂ ಕೇಳಲು ಬಾರದ ಸರ್ವರನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ವ್ಯರ್ಥ.

ಫಾಂಟ್ ಕಡತದ ಹೆಸರಿನಲ್ಲೇ ಆವೃತ್ತಿಯ ಸಂಖ್ಯೆಯನ್ನು ಸೇರಿಸಿ, ಅದಕ್ಕೆ ಒಂದು ವರ್ಷದ, ಅಂದರೆ 31536000 ಸೆಕೆಂಡುಗಳ ಅವಧಿಯನ್ನು ಧೈರ್ಯವಾಗಿ ಕೊಡಿ. ಹೆಸರು ಬದಲಾದರೆ ಬ್ರೌಸರಿಗೆ ಅದು ಬೇರೆಯೇ ಕಡತ. ಆ ಹೆಸರನ್ನು ಸೂಚಿಸುವ ಪುಟಕ್ಕೂ ಅದರ ರೂಪವನ್ನು ನಿರ್ಧರಿಸುವ ಸಿಎಸ್ಎಸ್ ಕಡತಕ್ಕೂ ‘ನೋ-ಕ್ಯಾಶ್’ ಇರಲಿ. ‘ನೋ-ಕ್ಯಾಶ್’ ಎಂಬ ಹೆಸರು ದಾರಿ ತಪ್ಪಿಸುವಂಥದ್ದು: ಇಟ್ಟುಕೊಳ್ಳಬೇಡ ಎಂದಲ್ಲ, ಬಳಸುವ ಮೊದಲು ಕೇಳು ಎಂದು ಅದರ ಅರ್ಥ. ಕೇಳಿದಾಗ ಇ-ಟ್ಯಾಗ್ (ಕಡತದ ಆವೃತ್ತಿಯ ಗುರುತು) ತಾಳೆಯಾದರೆ ಸರ್ವರ್ 304, ಅಂದರೆ ಬದಲಾಗಿಲ್ಲ, ಎಂದಷ್ಟೇ ಉತ್ತರಿಸುತ್ತದೆ, ಕಡತವನ್ನು ಮತ್ತೆ ಕಳುಹಿಸುವುದಿಲ್ಲ.

ಮಣಿಪಾಲದಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ಪುಟವನ್ನು ಹೊಸದಾಗಿ ತರಿಸುವ ಕಂಟ್ರೋಲ್-ಶಿಫ್ಟ್-ಆರ್ ಒತ್ತಿದರೆ ಸಾಕೆಂದು ಭಾವಿಸಬೇಡಿ. ಪುಟ ತೆರೆದ ಬಳಿಕ ಸ್ಕ್ರಿಪ್ಟ್ ತರಿಸಿಕೊಳ್ಳುವ ಫಾಂಟ್ ಆಗಲೂ ಕ್ಯಾಶಿನಿಂದಲೇ ಬರಬಹುದು. ಎಫ್12 ಒತ್ತಿ ನೆಟ್‌ವರ್ಕ್ ವಿಭಾಗದಲ್ಲಿ ಫಾಂಟಿನ ಸಾಲಿನಲ್ಲಿ ಅದು ಎಲ್ಲಿಂದ ಬಂತೆಂದು ನೋಡಿ. ಇನ್ನೊಂದು ಮಾತು: ಗ್ರಾಹಕರ ದಾಖಲೆಗಳಿಗೆ ‘ನೋ-ಸ್ಟೋರ್’, ಅಂದರೆ ಇಟ್ಟುಕೊಳ್ಳಲೇಬೇಡ ಎಂಬ ಸೂಚನೆ, ಹಾಕಿ. ಎಲ್ಲರೂ ಕೂರುವ ಕಂಪ್ಯೂಟರಿನಲ್ಲಿ ಅವುಗಳ ಪ್ರತಿ ಉಳಿಯಬಾರದು.

ರಥಬೀದಿ ಡಿಟಿಪಿ, ಉಡುಪಿ:
ಎರಡರಲ್ಲೂ ಫಾಂಟಿನ ಸಾಲಿನಲ್ಲಿ ‘ಡಿಸ್ಕ್ ಕ್ಯಾಶ್’ ಎಂದೇ ಇತ್ತು. ಕಡತದ ಹೆಸರು ಬದಲಿಸಿ, ಸಿಎಸ್ಎಸ್ ತಿದ್ದಿ ತೆರೆದಾಗ ಒತ್ತು ತನ್ನ ಜಾಗದಲ್ಲಿ ಕೂತಿದೆ. ಕರಪತ್ರ ಮುದ್ರಣಕ್ಕೆ ಹೋಯಿತು.