ಅವ್ವನ ಹೆಸರಿನ ಫರ್ಮ್‌ಗೆ ಜಿಎಸ್‌ಟಿ ಸಮನ್ಸ್, ಅಪ್ಪನಿಗೆ ಆದಾಯ ತೆರಿಗೆ ನೋಟಿಸ್. ಈಗ ಏನು ಮಾಡಬೇಕು?

ರಾಣೆಬೆನ್ನೂರಿನವನು ಕೇಳಿದ್ದು:

ಅಪ್ಪ ಬಹಳ ವರ್ಷದಿಂದ ಸಿವಿಲ್ ಗುತ್ತಿಗೆದಾರರು. ಸಿಸಿ ರಸ್ತೆ, ಚರಂಡಿ, ಶಾಲಾ ಕೊಠಡಿ, ಇಂಥ ಕೆಲಸ. ಮೊದಲು ಅವರ ಹೆಸರಲ್ಲಿ ಒಂದೇ ಫರ್ಮ್ ಇತ್ತು. ಟರ್ನೋವರ್ ಎರಡು ಕೋಟಿ (ಆಗಿನ ಮಿತಿ) ದಾಟಿದರೆ 44ಎಡಿ, ಅಂದರೆ ಪುಸ್ತಕ ಬರೆಯದೆ ಟರ್ನೋವರ್‌ನ ಇಷ್ಟು ಶೇಕಡಾ ಲಾಭ ಅಂತ ತೋರಿಸುವ ಸೌಲಭ್ಯ, ಸಿಗುವುದಿಲ್ಲ, ಪುಸ್ತಕ ಬರೆಯಬೇಕು, ಆಡಿಟ್ ಬರುತ್ತೆ ಅಂತ ನಮ್ಮ ಲೆಕ್ಕ ನೋಡುವವರು ಅವ್ವನ ಹೆಸರಲ್ಲಿ ಇನ್ನೊಂದು ಮಾಡಿಸಿದರು. ಆಮೇಲೆ ಅಣ್ಣ ಮತ್ತು ಸೋದರಮಾವ ಸೇರಿ ಒಂದು ಪಾಲುದಾರಿಕೆ ಆಯಿತು. ಮೂರಕ್ಕೂ ಬೇರೆ ಪ್ಯಾನ್, ಬೇರೆ ಜಿಎಸ್‌ಟಿ ನಂಬರ್. ಮೂರೂ ಕಡೆ ಶೇ 8ರ ಲೆಕ್ಕದಲ್ಲಿ ಲಾಭ ತೋರಿಸಿ ರಿಟರ್ನ್ ಹಾಕಿದ್ದಾರೆ, ತೆರಿಗೆಯನ್ನೂ ಕಟ್ಟಿದ್ದಾರೆ.

ಆದರೆ ಜೆಸಿಬಿ, ಟಿಪ್ಪರ್, ಮಿಕ್ಸರ್ ಎಲ್ಲಾ ಅಪ್ಪನ ಹೆಸರಲ್ಲಿವೆ. ಮೇಸ್ತ್ರಿಗಳು, ಕೂಲಿಯವರೂ ಮೂರಕ್ಕೂ ಅವರೇ. ಅವ್ವನ ಖಾತೆಗೆ ಬಿಲ್ ದುಡ್ಡು ಬಂದ ಮೇಲೆ ಅಪ್ಪನ ಖಾತೆಗೆ ಹೋಗುತ್ತಿತ್ತು. ಅದಕ್ಕೆ ಬಾಡಿಗೆ ಬಿಲ್ ಏನೂ ಇಲ್ಲ.

ಈಗ 2021-22 ಮತ್ತು 2022-23ಕ್ಕೆ ಅಪ್ಪನಿಗೆ 148ಎ ನೋಟಿಸ್ ಬಂದಿದೆ. ಮೂರೂ ಒಂದೇ ವ್ಯವಹಾರ, ಒಟ್ಟು ಸೇರಿಸಿದರೆ ಎರಡು ಕೋಟಿ ಮೇಲಾಗುತ್ತೆ, ಹಳೆ ರಿಟರ್ನ್ ಯಾಕೆ ಮತ್ತೆ ತೆರೆಯಬಾರದು ಅಂತ ಕೇಳಿದ್ದಾರೆ. ಅವ್ವನಿಗೆ ಕೇಂದ್ರ ಜಿಎಸ್‌ಟಿಯಿಂದ ಸೆಕ್ಷನ್ 70ರ ಸಮನ್ಸ್. ಜಲ್ಲಿ, ಎಂ-ಸ್ಯಾಂಡ್ ಕೊಟ್ಟವನ ನೋಂದಣಿಯನ್ನು ಹಿಂದಿನ ದಿನಾಂಕದಿಂದಲೇ ರದ್ದು ಮಾಡಿದ್ದಾರೆ, ಅವನ ಬಿಲ್ ಮೇಲೆ ನೀವು ತೆಗೆದುಕೊಂಡ ಕ್ರೆಡಿಟ್‌ಗೆ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಂಡಿದ್ದಕ್ಕೆ) ದಾಖಲೆ ತನ್ನಿ ಅಂತ.

ಲೆಕ್ಕದವರು ಈಗ ಜೆಸಿಬಿ ಬಾಡಿಗೆ ಕರಾರನ್ನು 2021ರ ತಾರೀಖು ಹಾಕಿ ಮಾಡಿಸೋಣ ಅಂತಿದ್ದಾರೆ. ಮಾವ ಅವ್ವನಿಗೆ ಹುಷಾರಿಲ್ಲ ಅಂತ ಡಾಕ್ಟರ್ ಚೀಟಿ ಕೊಟ್ಟುಬಿಡಿ ಅಂತಾರೆ. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ, ಜೈಲಿಗೆ ಹಾಕ್ತಾರಾ ಅಂತ ಕೇಳುತ್ತಾರೆ. ಇಂಥದ್ದು ಎದುರಿಸಿದವರು ಯಾರಾದರೂ ಇದ್ದೀರಾ?

ಗದಗದ ಗುತ್ತಿಗೆದಾರ:

ಮೊದಲನೆಯದು, ಆ ಹಳೆ ತಾರೀಖಿನ ಕರಾರು ಮಾಡಿಸಲೇಬೇಡಿ. ಇ-ಸ್ಟ್ಯಾಂಪ್ ಮೇಲೆ ಸರ್ಟಿಫಿಕೇಟ್ ನಂಬರ್ ಇರುತ್ತೆ, ಕೊಟ್ಟ ದಿನ, ಹೊತ್ತು ಎಲ್ಲಾ ಇರುತ್ತೆ, ಆನ್‌ಲೈನಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಈಗ ನಿಮ್ಮ ಮೇಲಿರುವುದು ತೆರಿಗೆಯ ತಕರಾರು ಮಾತ್ರ. ಸುಳ್ಳು ಕಾಗದ ಕೊಟ್ಟ ದಿನ ಅದು ಕ್ರಿಮಿನಲ್ ಆಗುತ್ತೆ. ಸೆಕ್ಷನ್ 70ರ ವಿಚಾರಣೆಯನ್ನು ಕಾನೂನು ನ್ಯಾಯಾಂಗ ವಿಚಾರಣೆ ಅಂತಲೇ ಲೆಕ್ಕ ಹಾಕುತ್ತೆ. ಅಲ್ಲಿ ಸುಳ್ಳು ಹೇಳುವುದು, ಸುಳ್ಳು ಕಾಗದ ಕೊಡುವುದು ಕೋರ್ಟಲ್ಲಿ ಸುಳ್ಳು ಸಾಕ್ಷಿ ಹೇಳಿದಷ್ಟೇ ದೊಡ್ಡದು. ಈ ಸಲಹೆ ಕೊಟ್ಟವರು ಆಮೇಲೆ ನಿಮ್ಮ ಜೊತೆ ನಿಲ್ಲುವುದಿಲ್ಲ. ಸಹಿ ನಿಮ್ಮ ಅವ್ವಂದು, ಅಪ್ಪಂದು.

ಜಲ್ಲಿ ವಿಷಯದಲ್ಲಿ ಧೈರ್ಯವಾಗಿರಿ, ಮಾಲು ನಿಜವಾಗಿ ಬಂದಿದ್ದರೆ. ಟ್ರಿಪ್ ಶೀಟ್, ವೇಬ್ರಿಡ್ಜ್ ಚೀಟಿ, ಇ-ವೇ ಬಿಲ್, ಆರ್‌ಟಿಜಿಎಸ್ ಮಾಡಿದ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಹುಡುಕಿ. ಗಣಿ ಇಲಾಖೆಯ ಎಂಡಿಪಿ (ಖನಿಜ ಸಾಗಣೆ) ಪರ್ಮಿಟ್ ಇದ್ದರೆ ಅದಕ್ಕಿಂತ ಗಟ್ಟಿ ಕಾಗದ ಇನ್ನೊಂದಿಲ್ಲ, ಯಾಕೆಂದರೆ ಅದು ಸರ್ಕಾರದ್ದೇ ದಾಖಲೆ. ಬಿಲ್‌ನಲ್ಲಿ ಇಲಾಖೆ ರಾಯಲ್ಟಿ (ಖನಿಜದ ಮೇಲಿನ ಸರ್ಕಾರಿ ಶುಲ್ಕ) ಕಡಿದಿದೆಯೋ ಇಲ್ಲವೋ ಅದನ್ನೂ ನೋಡಿ, ಅವರು ಕೇಳಿಯೇ ಕೇಳುತ್ತಾರೆ. ಎಂಬಿ (ಕಾಮಗಾರಿ ಅಳತೆ) ಪುಸ್ತಕದ ನಕಲಿಗೆ ಇಲಾಖೆಗೆ ಇವತ್ತೇ ಅರ್ಜಿ ಕೊಡಿ. ಎಷ್ಟು ಘನ ಮೀಟರ್ ಕಾಂಕ್ರೀಟ್ ಬಿದ್ದಿದೆ ಅಂತ ಅದರಲ್ಲಿ ಇದ್ದರೆ ಅಷ್ಟು ಜಲ್ಲಿ ಎಲ್ಲಿಂದಲೋ ಬಂದಿರಲೇಬೇಕಲ್ವಾ.

ಇನ್ನೊಂದು ಮಾತು. 2022ರ ಜುಲೈ 18ಕ್ಕೆ ಸರ್ಕಾರಿ ಕಾಮಗಾರಿ ಮೇಲಿನ ಜಿಎಸ್‌ಟಿ 12ರಿಂದ 18 ಆಯಿತು. ಹಳೆ ದರಕ್ಕೆ ಟೆಂಡರ್ ಹಾಕಿದ್ದ ಎಷ್ಟೋ ಸಣ್ಣ ಗುತ್ತಿಗೆದಾರರಿಗೆ ಆ ವರ್ಷ ಲಾಭವೇ ಉಳಿಯಲಿಲ್ಲ. ನಿಮ್ಮದೂ ಹಾಗೆ ಆಗಿದ್ದರೆ ಟೆಂಡರ್ ದಿನಾಂಕದ ಸಮೇತ ಹೇಳಿ. ಲಾಭ ಅಂದಾಜು ಮಾಡುವಾಗ ಅದು ಲೆಕ್ಕಕ್ಕೆ ಬರಬೇಕು.

ಧಾರವಾಡದ ಸಿಎ:

ಮೇಲಿನವರು ಹೇಳಿದ್ದು ಸರಿ. ನಾನು ತೆರಿಗೆ ಕಡೆಯಿಂದ ಹೇಳುತ್ತೇನೆ.

ಒಂದು ಮನೆಯಲ್ಲಿ ಮೂರು ಫರ್ಮ್ ಇರುವುದು ತಪ್ಪಲ್ಲ. 44ಎಡಿ ಮಿತಿ ಮನೆಗಲ್ಲ, ಒಬ್ಬೊಬ್ಬ ತೆರಿಗೆದಾರನಿಗೆ. ಪಾಲುದಾರಿಕೆ ಫರ್ಮ್‌ಗೂ ಅದು ಸಿಗುತ್ತೆ. ಪ್ರಶ್ನೆ ಇರುವುದು ಕೆಲಸ ನಿಜವಾಗಿ ಮಾಡಿದ್ದು ಯಾರು, ದುಡ್ಡು ಕೊನೆಗೆ ಯಾರ ಕೈ ಸೇರಿತು ಅನ್ನುವುದರಲ್ಲಿ. ಇಎಂಡಿ (ಟೆಂಡರ್ ಠೇವಣಿ) ಯಾರ ಖಾತೆಯಿಂದ ಹೋಯಿತು, ಕೂಲಿ ಯಾರು ಕೊಟ್ಟರು, ಸೈಟಲ್ಲಿ ಯಾರು ಇದ್ದರು, ಇದಕ್ಕೆ ಉತ್ತರ ಮೂರೂ ಫರ್ಮ್‌ಗೆ ಒಂದೇ ಆಗಿರುವುದಿಲ್ಲ. ನಿಮ್ಮ ಅಣ್ಣ, ಮಾವ ಸ್ವಂತವಾಗಿ ದುಡಿದಿದ್ದರೆ ಪಾಲುದಾರಿಕೆಯನ್ನು ಗಟ್ಟಿಯಾಗಿ ಸಮರ್ಥಿಸಿಕೊಳ್ಳಬಹುದು. ಅವ್ವನ ಫರ್ಮ್ ಕಷ್ಟ. ಮೂರಕ್ಕೂ ಒಂದೇ ಉತ್ತರ ಬರೆದು ಎಲ್ಲಾ ಬೇರೆ ಬೇರೆ ಅಂತ ಹಟ ಹಿಡಿದರೆ ಉಳಿಯಬೇಕಾದ ಪಾಲುದಾರಿಕೆಯೂ ಅದರ ಜೊತೆ ಹೋಗುತ್ತೆ.

ಅವ್ವನ ಫರ್ಮ್‌ನ ಆದಾಯ ಅಪ್ಪನದ್ದು ಅಂತ ಆದರೆ ಒಂದನ್ನು ಮರೆಯಬೇಡಿ. ಇಲಾಖೆಗಳು ಅವ್ವನ ಪ್ಯಾನ್‌ಗೆ 194ಸಿ ಅಡಿಯಲ್ಲಿ ಶೇ 1 ಟಿಡಿಎಸ್ ಕಡಿದಿವೆ. ಆದಾಯ ಇನ್ನೊಬ್ಬರ ಕೈಯಲ್ಲಿ ತೆರಿಗೆಗೆ ಒಳಪಟ್ಟರೆ ಟಿಡಿಎಸ್ ಕ್ರೆಡಿಟ್ ಕೂಡ ಅವರಿಗೇ ಸಿಗಬೇಕು ಅನ್ನುವುದು ನಿಯಮ 37ಬಿಎ. ಅದನ್ನು ಉತ್ತರದಲ್ಲೇ ಕೇಳಿ. ಇಲ್ಲದಿದ್ದರೆ ಒಂದೇ ಆದಾಯಕ್ಕೆ ಎರಡು ಕಡೆ ಕಟ್ಟಿದ ಹಾಗಾಗುತ್ತೆ. ಎಷ್ಟೋ ಜನ ನೋಟಿಸ್ ಗಾಬರಿಯಲ್ಲಿ ಇದನ್ನು ಬಿಟ್ಟುಬಿಡುತ್ತಾರೆ, ನೋಡಿದರೆ ಬೇಜಾರಾಗುತ್ತೆ.

ದಂಡದ ವಿಷಯ. ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ ಶೇ 50, ತಪ್ಪು ಮಾಹಿತಿ ಕೊಟ್ಟು ತೋರಿಸಿದ್ದಕ್ಕೆ ಶೇ 200. ಈ ಎರಡರ ನಡುವಿನ ಅಂತರವನ್ನು ನಿಮ್ಮ ಈಗಿನ ಉತ್ತರವೇ ತೀರ್ಮಾನ ಮಾಡಬಹುದು. ಆಡಿಟ್ ಮಾಡಿಸದ್ದಕ್ಕೆ ಟರ್ನೋವರ್‌ನ ಶೇ 0.5, ಆದರೆ 1.5 ಲಕ್ಷಕ್ಕಿಂತ ಜಾಸ್ತಿ ಇಲ್ಲ. ಜಿಎಸ್‌ಟಿಯಲ್ಲಿ ಆ ವರ್ಷಗಳಿಗೆ ಸೆಕ್ಷನ್ 74 (ವಂಚನೆಯ ಆರೋಪದ ಕಲಂ) ಹಾಕಿದರೂ ಶೋಕಾಸ್ ನೋಟಿಸ್ ಬರುವ ಮೊದಲೇ ತೆರಿಗೆ, ಬಡ್ಡಿ ಕಟ್ಟಿದರೆ ದಂಡ ಶೇ 15. ನೋಟಿಸ್ ಬಂದು 30 ದಿನದೊಳಗೆ ಆದರೆ ಶೇ 25. ಆದೇಶ ಆದ ಮೇಲೆ 30 ದಿನದೊಳಗೆ ಶೇ 50. ಅದನ್ನೂ ದಾಟಿದರೆ ಪೂರ್ತಿ. ಹಾಗಂತ ಹೆದರಿ ಈಗಲೇ ಕಟ್ಟಬೇಡಿ. ಮೊದಲು ಯಾವ ಬಿಲ್‌ಗೆ ದಾಖಲೆ ಇದೆ, ಯಾವುದಕ್ಕೆ ಇಲ್ಲ ಅಂತ ಬೇರೆ ಮಾಡಿ.

ಎರಡೂ ನೋಟಿಸ್‌ನಲ್ಲಿ ಡಿಐಎನ್ (ದಾಖಲೆಯ ಗುರುತಿನ ನಂಬರ್) ಇದೆಯಾ ನೋಡಿ, ಪೋರ್ಟಲ್‌ನಲ್ಲಿ ಹಾಕಿ ಪರೀಕ್ಷಿಸಿ. 148ಎ ಉತ್ತರ ಅದರಲ್ಲಿ ಕೊಟ್ಟ ದಿನಾಂಕದೊಳಗೆ ಹೋಗಲೇಬೇಕು. ಕಾಗದ ಸಿಕ್ಕಿಲ್ಲ ಅಂದರೆ ಇನ್ನಷ್ಟು ದಿನ ಬೇಕು ಅಂತ ಪೋರ್ಟಲ್‌ನಲ್ಲೇ ಬರೆದು ಕೇಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಹುಬ್ಬಳ್ಳಿಯ ಗೃಹಿಣಿ:

ನಿಮ್ಮ ಅವ್ವನ ಬಗ್ಗೆ ಓದಿ ಬರೆಯುತ್ತಿದ್ದೇನೆ. ನನ್ನ ಹೆಸರಲ್ಲೂ ಮನೆಯವರ ಫರ್ಮ್ ಇತ್ತು, ನನಗೂ ಸಮನ್ಸ್ ಬಂದಿತ್ತು. ಸುಳ್ಳು ಡಾಕ್ಟರ್ ಚೀಟಿ ಬೇಡ. ಹೋಗದೆ ಇದ್ದರೆ 25 ಸಾವಿರದವರೆಗೆ ದಂಡ ಹಾಕಬಹುದು, ಅದಕ್ಕಿಂತ ಮುಖ್ಯವಾಗಿ ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಅನುಮಾನ ಬೆಳೆಯುತ್ತೆ. ಆ ದಿನ ನಿಜವಾಗಿ ಆಗದಿದ್ದರೆ ಬೇರೆ ದಿನ ಕೊಡಿ ಅಂತ ಪತ್ರ ಬರೆಯಬಹುದು, ಸಾಮಾನ್ಯವಾಗಿ ಕೊಡುತ್ತಾರೆ.

ಹೋಗುವ ಮೊದಲು ಅವರ ಫರ್ಮ್‌ನ ಕಾಗದಗಳನ್ನು ಅವರ ಮುಂದೆ ಹರಡಿ ಕೂತು ತೋರಿಸಿ. ಏನು ಹೇಳಬೇಕು ಅಂತ ಕಲಿಸಬೇಡಿ, ದಯವಿಟ್ಟು. ಇಷ್ಟು ವರ್ಷ ಸಹಿ ಮಾತ್ರ ಕೇಳಿದ್ದೀರಿ, ಈಗಲಾದರೂ ಯಾವುದಕ್ಕೆ ಸಹಿ ಹಾಕಿದ್ದಾರೆ ಅಂತ ಅವರಿಗೆ ಗೊತ್ತಾಗಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲಿ. ಅದು ಅಪರಾಧ ಅಲ್ಲ. ಹೇಳಿಕೆಯನ್ನು ಕನ್ನಡದಲ್ಲೇ ಬರೆದುಕೊಳ್ಳಿ ಅಂತ ಕೇಳಲಿ, ನಾನು ಕೇಳಿದ್ದೆ. ಬೇರೆ ಭಾಷೆಯಲ್ಲಿ ಬರೆದರೆ ಪೂರ್ತಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ. ವಕೀಲರನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಮಾತು ಕೇಳಿಸದ ಜಾಗದಲ್ಲಿ ಕೂರಿಸಲು ಕೋರ್ಟ್‌ಗಳು ಹಲವು ಪ್ರಕರಣಗಳಲ್ಲಿ ಒಪ್ಪಿವೆ. ಬೇಕಿದ್ದರೆ ಮೊದಲೇ ಲಿಖಿತವಾಗಿ ಕೇಳಿ. ಅಧಿಕಾರಿಗಳು ನನ್ನ ಜೊತೆ ಮರ್ಯಾದೆಯಿಂದಲೇ ಮಾತಾಡಿದರು. ಇದನ್ನು ನಿಮ್ಮ ಅವ್ವನಿಗೆ ಹೇಳಿ.

ರಾಣೆಬೆನ್ನೂರಿನವನು:

ಎಲ್ಲರಿಗೂ ಧನ್ಯವಾದ. ಕರಾರು ಮಾಡಿಸುವುದಿಲ್ಲ ಅಂತ ಅಪ್ಪ ಒಪ್ಪಿದ್ದಾರೆ. ಅವ್ವ ಹೋಗುತ್ತೇನೆ ಅಂದರು, ಹುಬ್ಬಳ್ಳಿಯ ಅಕ್ಕ ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ಟ್ರಿಪ್ ಶೀಟ್ ಒಂದು ಚೀಲ ಸಿಕ್ಕಿದೆ, ಎಂಡಿಪಿ ಅರ್ಧಕ್ಕೆ ಮಾತ್ರ ಇದೆ. ಇಲ್ಲದ ಅರ್ಧಕ್ಕೆ ಕ್ರೆಡಿಟ್ ವಾಪಸ್ ಕಟ್ಟುವುದಾದರೆ ಯಾವ ಫಾರ್ಮ್?

ಧಾರವಾಡದ ಸಿಎ:

ಡಿಆರ್‌ಸಿ-03. ಆದರೆ ಅವ್ವನ ಹೇಳಿಕೆಗೆ ಮೊದಲು ಆ ಅರ್ಧದ ಪಟ್ಟಿ ಮಾಡಿ, ಬ್ಯಾಂಕ್ ಪಾವತಿ, ವೇಬ್ರಿಡ್ಜ್ ಚೀಟಿ ಒಂದೊಂದು ಬಿಲ್‌ಗೆ ತಾಳೆ ಹಾಕಿ. ಎಂಡಿಪಿ ಇಲ್ಲ ಅಂದ ಮಾತ್ರಕ್ಕೆ ಮಾಲು ಬಂದಿಲ್ಲ ಅಂತ ಆಗುವುದಿಲ್ಲ. ಯಾವ ಕಾಗದವೂ ಸಿಗದ ಬಿಲ್‌ಗಳಿಗೆ ಮಾತ್ರ ಕಟ್ಟಿ.