ಅಂಪೈರ್ ತಪ್ಪು ಕೊಟ್ಟರೆ ಅದು ಜನಾಂಗೀಯ ತಾರತಮ್ಯ ಅಂತ ಹೇಗೆ ಹೇಳೋದು?

ಗಲ್ಲಿಕ್ರಿಕೆಟಿಗ:
2008ರ ಭಾರತ-ಆಸ್ಟ್ರೇಲಿಯಾ ಸಿಡ್ನಿ ಟೆಸ್ಟ್ ನೆನಪಾದರೆ ಇವತ್ತಿಗೂ ಮೈ ಉರಿಯುತ್ತೆ. ಅವರ ಸೈಮಂಡ್ಸ್ 30 ರನ್ ಇದ್ದಾಗ ಇಶಾಂತ್ ಬಾಲಿಗೆ ಸರಿಯಾಗಿ ಎಡ್ಜ್ ಆಯ್ತು, ಅಂಪೈರ್ ಬಕ್ನರ್ ಔಟ್ ಕೊಡಲಿಲ್ಲ. ಆತ 162 ಹೊಡೆದು ನಾಟೌಟ್. ಕೊನೆ ದಿನ ನಮ್ಮ ದ್ರಾವಿಡ್ ಬ್ಯಾಟನ್ನು ಪ್ಯಾಡಿನ ಹಿಂದೆ ಮುಚ್ಚಿಟ್ಟುಕೊಂಡಿದ್ದರು, ಚೆಂಡು ಪ್ಯಾಡಿಗೆ ತಾಗಿ ಕೀಪರ್ ಕೈ ಸೇರಿತು, ಅದಕ್ಕೆ ಔಟ್! ಆಮೇಲೆ ಹರ್ಭಜನ್ ಸೈಮಂಡ್ಸ್‌ಗೆ ಜನಾಂಗೀಯ ಬೈಗುಳ ಬೈದರು ಅನ್ನೋ ದೂರಿನಲ್ಲಿ, ಆಟಗಾರರ ನಡತೆಗೆ ಶಿಕ್ಷೆ ಕೊಡುವ ಮ್ಯಾಚ್ ರೆಫರಿ ಪ್ರಾಕ್ಟರ್ ಆಸ್ಟ್ರೇಲಿಯಾದವರ ಮಾತನ್ನಷ್ಟೇ ನಂಬಿದರು ಅಂತ ಗಲಾಟೆ. ಇದಕ್ಕೂ ಮುಂಚೆ ರೆಫರಿ ಡೆನ್ನೆಸ್, ಅಂಪೈರ್ ಡ್ಯಾರೆಲ್ ಹೇರ್. ಎಲ್ಲರ ಮೇಲೂ ಜನಾಂಗೀಯ ತಾರತಮ್ಯದ ಆರೋಪ. ಇದರಲ್ಲಿ ನಿಜ ಎಷ್ಟು, ಸೋತ ಹೊಟ್ಟೆಯುರಿ ಎಷ್ಟು?

ಕುಡ್ಲದವ:
ಬಕ್ನರ್ ಜಮೈಕಾದ ಕಪ್ಪು ಮನುಷ್ಯ ಮಾರಾಯ್ರೆ. ಅವರಿಗೆ ಭಾರತದವರ ಮೇಲೆ ಹಗೆ ಅಂತ ಹೇಳಲು ನಮ್ಮ ಹತ್ತಿರ ಇರುವುದು ಏನು? 2003ರಲ್ಲಿ ಬ್ರಿಸ್ಬೇನ್‌ನಲ್ಲಿ ಸಚಿನ್‌ಗೆ ಕೊಟ್ಟ ಎಲ್‌ಬಿ, 2005ರಲ್ಲಿ ಈಡನ್‌ನಲ್ಲಿ ಕೊಟ್ಟ ಕ್ಯಾಚು, ಸಿಡ್ನಿ. ಇಷ್ಟೇ ಬಾಯಿಪಾಠ. ಅದೇ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಕ್ಯಾಪ್ಟನ್ ಪಾಂಟಿಂಗ್ 55 ಇದ್ದಾಗ ದೊಡ್ಡ ಇನ್‌ಸೈಡ್ ಎಡ್ಜ್ ಆದ ಚೆಂಡಿಗೆ ಇನ್ನೊಬ್ಬ ಅಂಪೈರ್ ಬೆನ್ಸನ್ ಎಲ್‌ಬಿ ಕೊಟ್ಟರು, ಅದು ಯಾರಿಗೆ ನೆನಪಿದೆ? ನಮಗೆ ಆದ ಅನ್ಯಾಯ ಮಾತ್ರ ಲೆಕ್ಕ. ಬಕ್ನರ್‌ಗೆ ವಯಸ್ಸಾಗಿತ್ತು, ಕಣ್ಣು ಕಿವಿ ಮೊದಲಿನ ಹಾಗೆ ಇರಲಿಲ್ಲ ಅಂತ ಹೇಳಿ, ಒಪ್ಪುತ್ತೇನೆ. ನಮ್ಮ ಬೋರ್ಡ್ ಗದ್ದಲ ಮಾಡಿದ್ದಕ್ಕೆ ಮುಂದಿನ ಪರ್ತ್ ಟೆಸ್ಟಿನಿಂದ ಅವರನ್ನು ಕೈಬಿಟ್ಟದ್ದು ನನಗಂತೂ ಸರಿ ಕಾಣಲಿಲ್ಲ.

ಹಳೇ_ಸ್ಕೋರ್‌ಕಾರ್ಡ್:
ಬಕ್ನರ್ ಬಿಡಿ, ಡೆನ್ನೆಸ್ ಕಥೆ ಬೇರೆ. ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ. 2001ರ ನವೆಂಬರ್, ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್. ಒಂದೇ ಟೆಸ್ಟಿನಲ್ಲಿ ನಮ್ಮ ಆರು ಜನಕ್ಕೆ ಶಿಕ್ಷೆ. ಸಚಿನ್ ಚೆಂಡಿನ ಸೀಮ್ ಮೇಲಿನ ಹುಲ್ಲು ಮಣ್ಣು ತೆಗೆದದ್ದು ಟೀವಿಯಲ್ಲಿ ಕಂಡಿತು ಅಂತ ದಂಡ, ಅಮಾನತಿನಲ್ಲಿಟ್ಟ ಒಂದು ಪಂದ್ಯದ ನಿಷೇಧ. ಮೈದಾನದಲ್ಲಿದ್ದ ಅಂಪೈರುಗಳು ದೂರನ್ನೇ ಕೊಟ್ಟಿರಲಿಲ್ಲ! ಜಾಸ್ತಿ ಅಪೀಲು ಮಾಡಿದ್ದಕ್ಕೆ ಸೆಹ್ವಾಗ್‌ಗೆ ಒಂದು ಟೆಸ್ಟ್ ನಿಷೇಧ. ದಕ್ಷಿಣ ಆಫ್ರಿಕಾ ಕ್ಯಾಪ್ಟನ್ ಪೊಲಾಕ್ ಹುಡುಗರೇನು ಬಾಯಿಗೆ ಬೀಗ ಹಾಕಿಕೊಂಡು ಆಡಿದರಾ? ಅವರಲ್ಲಿ ಒಬ್ಬನಿಗೂ ಶಿಕ್ಷೆ ಇಲ್ಲ. ಪತ್ರಿಕಾಗೋಷ್ಠಿಯಲ್ಲಿ ಡೆನ್ನೆಸ್ ಬಂದು ಕೂತರು, ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ. ಹಾಗಾದ್ರೆ ಇವರು ಇಲ್ಲಿಗೆ ಯಾಕೆ ಬಂದರು ಅಂತ ರವಿಶಾಸ್ತ್ರಿ ಅಲ್ಲೇ ಕೇಳಿಬಿಟ್ಟರು. ಡೆನ್ನೆಸ್ ಮನಸ್ಸಿನಲ್ಲಿ ಬಣ್ಣ ಇತ್ತೋ ಇಲ್ಲವೋ ದೇವರೇ ಬಲ್ಲ. ಆದರೆ ಒಂದೇ ಮೈದಾನ, ಒಂದೇ ತಪ್ಪು, ಶಿಕ್ಷೆ ಒಂದೇ ಕಡೆಗೆ. ಕೇಳಬೇಕಾದ್ದೇ. ನಮ್ಮ ಬೋರ್ಡ್ ಅಧ್ಯಕ್ಷ ದಾಲ್ಮಿಯಾ ಪಟ್ಟು ಹಿಡಿದದ್ದಕ್ಕೆ ಸೆಂಚುರಿಯನ್‌ನ ಮುಂದಿನ ಪಂದ್ಯಕ್ಕೆ ಬೇರೆ ರೆಫರಿ ಬಂದರು, ಐಸಿಸಿ ಆ ಪಂದ್ಯವನ್ನು ಟೆಸ್ಟ್ ಅಂತಲೇ ಒಪ್ಪಲಿಲ್ಲ.

ಅಂಕಿಅಂಶದ_ಹುಚ್ಚ:
ಸ್ಕೋರ್‌ಕಾರ್ಡ್ ಸರ್ ಹೇಳಿದ ಹಾಗೆ ಮನಸ್ಸು ಬಗೆದು ನೋಡೋಕೆ ಆಗಲ್ಲ, ಆದರೆ ಸಾವಿರಾರು ತೀರ್ಪು ಒಟ್ಟಿಗೆ ಇಟ್ಟರೆ ಕಾಣುತ್ತೆ. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲಿನಲ್ಲಿ ಪ್ರೈಸ್, ವುಲ್ಫರ್ಸ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 1991ರಿಂದ 2004ರ ತನಕದ ಪಂದ್ಯಗಳನ್ನು ಜಾಲಾಡಿದರು. ಮೂವರು ರೆಫರಿಗಳಲ್ಲಿ ಬಿಳಿಯರು ಜಾಸ್ತಿ ಇದ್ದಷ್ಟೂ ಕಪ್ಪು ಆಟಗಾರರಿಗೆ ಬೀಳುವ ಫೌಲ್ ಬಿಳಿಯರಿಗೆ ಹೋಲಿಸಿದರೆ ಏರುತ್ತಿತ್ತು, ಕಪ್ಪು ರೆಫರಿಗಳು ಜಾಸ್ತಿಯಾದರೆ ಲೆಕ್ಕ ಉಲ್ಟಾ. ವ್ಯತ್ಯಾಸ ಹೆಚ್ಚೆಂದರೆ ಶೇ. 4. ಟೀವಿ ಮುಂದೆ ಕೂತು ಒಂದು ಪಂದ್ಯ ನೋಡುವವನಿಗೆ ಇದು ಕಾಣೋದೇ ಇಲ್ಲ ಗುರೂ. ಎನ್‌ಬಿಎ ಒಪ್ಪಲಿಲ್ಲ. ಆದರೆ 2007ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಮೇಲಿನ ಪಂದ್ಯಗಳನ್ನು ಮತ್ತೆ ಲೆಕ್ಕ ಹಾಕಿದರೆ ಆ ವ್ಯತ್ಯಾಸವೇ ಇರಲಿಲ್ಲ! ಯಾರೋ ಗಮನಿಸುತ್ತಿದ್ದಾರೆ ಅಂತ ಗೊತ್ತಾದದ್ದೇ ಸಾಕಾಯ್ತು ಅಂತ ಕಾಣುತ್ತೆ.

ಹೇರ್ ವಿಷಯ ಇನ್ನೂ ಮಜಾ. 1995ರಲ್ಲಿ ಮೆಲ್ಬರ್ನ್‌ನಲ್ಲಿ ಶ್ರೀಲಂಕಾದ ಮುರಳೀಧರನ್‌ಗೆ ಚೆಂಡನ್ನು ಕೈ ಮಡಚಿ ಎಸೆಯುತ್ತಾರೆ ಅಂತ ಏಳು ಸಲ ನೋಬಾಲ್ ಕೊಟ್ಟವರು. 2006ರಲ್ಲಿ ಓವಲ್‌ನಲ್ಲಿ ಪಾಕಿಸ್ತಾನದ ಮೇಲೆ ಚೆಂಡು ಕೆಡಿಸಿದ ಆರೋಪ, ಇಂಜಮಾಮ್ ತಂಡ ಟೀ ಮುಗಿದರೂ ಹೊರಗೆ ಬರಲಿಲ್ಲ, ಪಂದ್ಯ ಇಂಗ್ಲೆಂಡ್ ಪಾಲು. ಐಸಿಸಿ ಹೇರ್‌ರನ್ನು ಪಕ್ಕಕ್ಕಿಟ್ಟಿತು. ಆಗ ಅವರೇ ಜನಾಂಗೀಯ ತಾರತಮ್ಯ ಅಂತ ಕೇಸು ಹಾಕಿದರು! ಜೊತೆಗಿದ್ದ ವೆಸ್ಟ್ ಇಂಡೀಸ್‌ನ ಅಂಪೈರ್ ಡಾಕ್ಟ್ರೋವ್‌ಗೆ ಏನೂ ಆಗಲಿಲ್ಲ, ನನಗೊಬ್ಬನಿಗೆ ಯಾಕೆ ಅಂತ. 2007ರಲ್ಲಿ ವಿಚಾರಣೆ ನಡೆಯುತ್ತಿರುವಾಗಲೇ ವಾಪಸ್ ತೆಗೆದುಕೊಂಡರು.

ಗಲ್ಲಿಕ್ರಿಕೆಟಿಗ:
ಡೆನ್ನೆಸ್ ವಿಷಯದಲ್ಲಿ ಸ್ಕೋರ್‌ಕಾರ್ಡ್ ಸರ್ ಕಡೆ ನಾನು. ಬಕ್ನರ್‌ರನ್ನು ಬಿಟ್ಟುಬಿಡೋಣ. ಆದರೆ ಈಗ ಅಂಪೈರ್ ತೀರ್ಪನ್ನು ಟೀವಿಯಲ್ಲಿ ಮತ್ತೆ ಪರಿಶೀಲಿಸುವ ಡಿಆರ್‌ಎಸ್ ಇದೆಯಲ್ಲ, ಇನ್ನು ಈ ಕೂಗಾಟ ನಿಲ್ಲಬೇಕು ಅಲ್ವಾ?

ಕುಡ್ಲದವ:
ನಿಲ್ಲುವುದಾ? ಎಡ್ಜು, ಎಲ್‌ಬಿ ಏನೋ ಸ್ಕ್ರೀನಿನಲ್ಲಿ ಕಾಣುತ್ತದೆ. ಅಪೀಲು ಜಾಸ್ತಿಯಾಯ್ತು, ಬಾಯಿ ಜಾಸ್ತಿಯಾಯ್ತು ಅಂತ ಯಾರಿಗೆ ಎಷ್ಟು ದಂಡ ಅನ್ನುವುದು ಇವತ್ತಿಗೂ ರೆಫರಿ ಕೈಯಲ್ಲೇ ಅಲ್ವಾ? ಡೆನ್ನೆಸ್ ಜಗಳ ಅಲ್ಲಿನದು. ಇನ್ನು ಡಿಆರ್‌ಎಸ್. ಸಿಡ್ನಿ ಆದ ಆರೇ ತಿಂಗಳಿಗೆ ಶ್ರೀಲಂಕಾದಲ್ಲಿ ಮೊದಲ ಪ್ರಯೋಗ ನಡೆದದ್ದು ನಮ್ಮ ತಂಡದ ಮೇಲೆಯೇ, ಕ್ಯಾಪ್ಟನ್ ನಮ್ಮ ಕುಂಬ್ಳೆ. ನಮ್ಮ ರಿವ್ಯೂ ಒಂದರ ಹಿಂದೆ ಒಂದು ಫೇಲ್. ಅಷ್ಟಕ್ಕೆ ಬೋರ್ಡಿಗೆ ಮುನಿಸು. ಬಕ್ನರ್ ಮೇಲೆ ಅಷ್ಟು ಹಾರಾಡಿದವರು ಡಿಆರ್‌ಎಸ್ ಅನ್ನು ಪೂರ್ತಿ ಒಪ್ಪಿದ್ದು 2016ರ ಇಂಗ್ಲೆಂಡ್ ಸರಣಿಗೆ, ಅದೂ ಟ್ರಯಲ್ ಅಂತ ಹೇಳಿ. ಆಗ ಕೋಚ್ ಯಾರು ಹೇಳಿ? ಕುಂಬ್ಳೆಯೇ!